ಮಾಂಯ್ ಮನೆಯ ಪತ್ರೊಡೆ ಮತ್ತು ನಮ್ಮ ಕ್ಯಾಮೆರಾ



ಕಳೆದ ತೆನೆ ಹಬ್ಬದಂದು ಚರ್ಚ್ ಹಾಲಿನಲ್ಲಿ ನಾವು ತೋರಿಸಿದ ಏಳು ನಿಮಿಷದ ಪತ್ರೊಡೆ ವಿಡಿಯೊ ನಿಮಗೆ ನೆನಪಿರಬಹುದು. ತುಂಬ ಜನ ಚಪ್ಪಾಳೆ ತಟ್ಟಿದಿರಿ. ಕೆಲವರು ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಹಾಕಿಕೊಂಡಿರಿ. ಗಲ್ಫಿನಲ್ಲಿರುವ ನಮ್ಮವರು ಫೋನ್ ಮಾಡಿ ಹೊಗಳಿದರು. ಆ ವಿಡಿಯೊ ಬಗ್ಗೆ ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಅದನ್ನು ಚಿತ್ರೀಕರಿಸಿದ ದಿನ ಆ ಮನೆಯಲ್ಲಿ ನಾವು ಊಟ ಮಾಡಲಿಲ್ಲ. ಎಲೆ ಹಾಕಿಟ್ಟಿದ್ದರು. ನಾವು ಎದ್ದು ಬಂದೆವು.

ಇದೆಲ್ಲ ಶುರುವಾದದ್ದು ಮಳೆಗಾಲದಲ್ಲಿ. ಜೂನ್ ತಿಂಗಳಲ್ಲಿ ಚರ್ಚ್ ಮೈದಾನದಲ್ಲಿ ನೀರು ನಿಂತು ಫುಟ್ಬಾಲ್ ಬಂದ್ ಆಯಿತು. ಭಾನುವಾರ ಸಂಜೆ ಯುವಕರ ಸಭೆಗೆ ಬಂದವರು ಮೊಬೈಲ್ ನೋಡುತ್ತಾ ಕುಳಿತಿರುತ್ತಿದ್ದರು. ಹಾಗಾದರೆ ಎಲ್ಲರೂ ಒಟ್ಟಿಗೆ ಏನಾದರೂ ನೋಡೋಣ ಎಂದು ಪ್ರೊಜೆಕ್ಟರ್ ಹಾಕಿದೆವು. ಸಿನಿಮಾ ಎಂದರೆ ಜಗಳ, ಒಬ್ಬರಿಗೆ ಮಲಯಾಳಂ ಬೇಕು, ಇನ್ನೊಬ್ಬರಿಗೆ ತುಳು, ಮತ್ತೊಬ್ಬರಿಗೆ ಕನ್ನಡ. ಊಟ ತೋರಿಸುವ ಕಾರ್ಯಕ್ರಮಕ್ಕೆ ಮಾತ್ರ ಯಾರೂ ಬೇಡ ಎನ್ನಲಿಲ್ಲ. ನಮ್ಮ ಮನೆಗಳಲ್ಲಿ ಸಿಹಿಕಹಿ ಚಂದ್ರು ಅವರ ‘ಬೊಂಬಾಟ್ ಭೋಜನ’ ನೋಡದ ಅಮ್ಮಂದಿರು ಕಡಿಮೆ. ಆ ರುಚಿ ನಮಗೂ ಇತ್ತು. ನಾವು ಸ್ವಲ್ಪ ದೂರ ಹೋಗಿ ಆಂಥನಿ ಬೋರ್ಡೇನ್ ಎಂಬ ಅಮೆರಿಕದ ಅಡುಗೆಯವರ ಕಾರ್ಯಕ್ರಮಗಳನ್ನು ಹುಡುಕಿದೆವು.

ಬೋರ್ಡೇನ್ ನ್ಯೂಯಾರ್ಕಿನ ಹೋಟೆಲ್ ಅಡುಗೆಮನೆಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವರು. 2000ದಲ್ಲಿ ಆ ಅಡುಗೆಮನೆಗಳ ಒಳಗಿನ ಕಥೆಯನ್ನು ಪುಸ್ತಕ ಮಾಡಿ ಹೆಸರಾದರು. ಆಮೇಲೆ ಟಿವಿಗೆ ಬಂದರು. 2005ರಿಂದ 2012ರವರೆಗೆ ‘ನೋ ರಿಸರ್ವೇಷನ್ಸ್’, 2013ರಿಂದ 2018ರವರೆಗೆ ಸಿಎನ್‌ಎನ್‌ನಲ್ಲಿ ‘ಪಾರ್ಟ್ಸ್ ಅನ್‌ನೋನ್’. ಎತ್ತರದ ಮನುಷ್ಯ, ಬಿಳಿ ಕೂದಲು, ಕೈ ತುಂಬ ಹಚ್ಚೆ. ಕೇರಳಕ್ಕೂ ಬಂದಿದ್ದರು. ಆ ಕಂತಿನಲ್ಲಿ ಮಮ್ಮುಟ್ಟಿ ಅವರನ್ನು ಭೇಟಿ ಮಾಡುತ್ತಾರೆ. ಪರದೆಯ ಮೇಲೆ ಮಮ್ಮುಟ್ಟಿ ಬಂದ ಕೂಡಲೇ ನಮ್ಮ ಹಾಲಿನಲ್ಲಿ ಎದ್ದ ಶಿಳ್ಳೆಯನ್ನು ಪಕ್ಕದ ಕಾನ್ವೆಂಟಿನ ಸಿಸ್ಟರ್‌ಗಳು ಇನ್ನೂ ಮರೆತಿಲ್ಲ.

ಅಂದು ರಾತ್ರಿ ಮನೆಗೆ ಹೋಗುವಾಗ ನಮ್ಮಲ್ಲೊಬ್ಬಳು ಕೇಳಿದಳು, “ನಮ್ಮ ಊರಿನ ಅಡುಗೆಯನ್ನು ಯಾರೂ ಯಾಕೆ ತೋರಿಸುವುದಿಲ್ಲ?” ಕಾಸರಗೋಡಿನವರಾದ ನಮಗೆ ಈ ಪ್ರಶ್ನೆ ಹೊಸತಲ್ಲ. ಕೇರಳದ ಊಟ ಎಂದರೆ ಪುಟ್ಟು, ಕಡಲೆ, ಅಪ್ಪಂ. ಕರ್ನಾಟಕದ ಕರಾವಳಿಯ ಊಟ ಎಂದರೆ ಮಂಗಳೂರಿನವರೆಗೆ ಬಂದು ನಿಲ್ಲುತ್ತದೆ. ತಲಪಾಡಿ ದಾಟಿ ಈಚೆಗಿರುವ ನಮ್ಮ ಅಡುಗೆಮನೆಗಳಲ್ಲಿ ಎರಡೂ ಕಡೆಯದ್ದು ಬೇಯುತ್ತದೆ. ಟಿವಿಯಲ್ಲಿ ಅದನ್ನು ನಾವು ನೋಡಿರಲಿಲ್ಲ. ಹಾಗಾದರೆ ನಾವೇ ಮಾಡೋಣ ಎಂದು ತೀರ್ಮಾನವಾಯಿತು.

ಯಾರ ಮನೆಗೆ ಹೋಗುವುದು ಎಂಬುದರಲ್ಲಿ ಚರ್ಚೆಯೇ ಆಗಲಿಲ್ಲ. ನಮ್ಮ ವಾಳೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ವಯಸ್ಸು 78. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಕರೆಯುವುದು ಮಾಂಯ್ ಎಂದೇ. ಅವರ ಪತ್ರೊಡೆ ತಿನ್ನದವರು ನಮ್ಮ ವಾಳೆಯಲ್ಲಿಲ್ಲ. ಕೇಳಿದ ತಕ್ಷಣ ಒಪ್ಪಿದರು. “ಎಷ್ಟು ಜನ ಬರ್ತೀರಿ ಮಕ್ಕಳೇ? ಅಕ್ಕಿ ನೆನೆಹಾಕಬೇಕಲ್ಲ” ಎಂದು ಕೇಳಿದರು. ನಾವು ಏಳು ಜನ ಎಂದೆವು. ಅವರು ಲೆಕ್ಕ ಕೇಳಿದ್ದು ಊಟಕ್ಕೆ. ನಾವು ಲೆಕ್ಕ ಹೇಳಿದ್ದು ಎರಡು ಮೊಬೈಲ್, ಒಂದು ಕ್ಯಾಮೆರಾ, ಲೈಟು, ಮೈಕು ಹಿಡಿಯುವವರನ್ನು ಎಣಿಸಿ.

ಹಬ್ಬಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಹೋದೆವು. ಮಾಂಯ್ ಬೆಳಿಗ್ಗೆಯೇ ಹಿತ್ತಿಲಿನಿಂದ ಕೆಸುವಿನ ಎಲೆ ಕೊಯ್ದು ತೊಳೆದು, ನಾರು ತೆಗೆದು ಒರೆಸಿಟ್ಟಿದ್ದರು. ಅಕ್ಕಿ, ತೆಂಗಿನಕಾಯಿ, ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಲ್ಲ ಹಾಕಿ ಅರೆದ ಹಿಟ್ಟು ತಯಾರಿತ್ತು. ನಮ್ಮಲ್ಲಿ ಬಿಎಸ್ಸಿ ಓದಿದವರು ಇಬ್ಬರಿದ್ದೇವೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದ, ಹುಳಿ ಹಾಕುವುದೂ ಚೆನ್ನಾಗಿ ಬೇಯಿಸುವುದೂ ಅದಕ್ಕೇ ಎಂದು ಕ್ಯಾಮೆರಾ ಮುಂದೆ ವಿವರಿಸಲು ಮನೆಯಿಂದಲೇ ಬರೆದುಕೊಂಡು ಹೋಗಿದ್ದೆವು. ಮಾಂಯ್‌ಗೆ ಹರಳಿನ ವಿಷಯ ಗೊತ್ತಿರಲಿಲ್ಲ. ಹುಳಿ ಎಷ್ಟು, ಬೇಯುವುದು ಎಷ್ಟು ಹೊತ್ತು ಎಂಬುದು ಗೊತ್ತಿತ್ತು.

ಆಮೇಲೆ ನಾವು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇವೆ. ಅಡುಗೆಮನೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಹೊರಗೆ ಹಾಕಿದೆವು. ಗ್ಯಾಸ್ ಒಲೆ ಕಾಣಬಾರದು, ಹೊರಗಿನ ಕಟ್ಟಿಗೆ ಒಲೆಯಲ್ಲೇ ಬೇಯಿಸಿ ಎಂದೆವು. ಅವರು ಆ ಒಲೆ ಉರಿಸದೆ ಎರಡು ವರ್ಷ ಆಗಿತ್ತು, ಮೊಣಕಾಲು ನೋವಿನವರು. ನೈಟಿ ಬೇಡ ಮಾಂಯ್, ಸೀರೆ ಉಟ್ಟು ಬನ್ನಿ ಎಂದೆವು. ಎಲೆಗೆ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತುವುದನ್ನು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಕೈ ಮಾತ್ರ ಕಾಣುವಂತೆ ಇನ್ನೊಮ್ಮೆ ತೆಗೆದೆವು. ಸುತ್ತಿದ್ದನ್ನು ಬಿಚ್ಚಿಸಿ ಮತ್ತೆ ಸುತ್ತಿಸಿದಾಗ ಎರಡು ಎಲೆ ಹರಿದವು. ಮಾಂಯ್ ಏನೂ ಹೇಳಲಿಲ್ಲ. ಹರಿದ ಎಲೆಯನ್ನು ಒಳಗಿಟ್ಟು ಮತ್ತೆ ಸುತ್ತಿದರು.

ತೊಂದೂರಿನಲ್ಲಿ ಇಟ್ಟು ಅರ್ಧ ಗಂಟೆ ಆಗುವಷ್ಟರಲ್ಲಿ ಮೋಡ ಕವಿಯಿತು. ಬೆಳಕು ಹೋಗುತ್ತದೆ, ಹಬೆ ಏಳುವ ದೃಶ್ಯ ಈಗಲೇ ಬೇಕು ಎಂದು ಮುಚ್ಚಳ ತೆಗೆಸಿದೆವು. “ಇನ್ನೂ ಬೆಂದಿಲ್ಲ” ಎಂದರು. “ಪರವಾಗಿಲ್ಲ ಮಾಂಯ್, ನೋಡಲಿಕ್ಕೆ ಮಾತ್ರ” ಎಂದೆವು. ನಮ್ಮ ನಿರೂಪಕ ಅರೆಬೆಂದ ಒಂದು ತುಂಡನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, “ಸೂಪರ್” ಎಂದು ತಲೆ ಆಡಿಸಿದ. ನೀವು ಚಪ್ಪಾಳೆ ತಟ್ಟಿದ್ದು ಆ ದೃಶ್ಯಕ್ಕೆ. ಅವನ ಗಂಟಲು ಮರುದಿನದವರೆಗೆ ತುರಿಸುತ್ತಿತ್ತು.

ಅಷ್ಟು ಹೊತ್ತಿಗೆ ಜಗಲಿಯಲ್ಲಿ ಏಳು ಬಾಳೆಎಲೆ ಹಾಕಿತ್ತು. ಅನ್ನ, ಸಾರು, ಅಲಸಂಡೆ ಪಲ್ಯ ಎಲ್ಲ ತಂದಿಟ್ಟಿದ್ದರು. “ಕೂತುಕೊಳ್ಳಿ, ಪತ್ರೊಡೆ ಇನ್ನರ್ಧ ಗಂಟೆಯಲ್ಲಿ ಆಗುತ್ತದೆ” ಎಂದರು. ನಮಗೆ ಆರು ಗಂಟೆಗೆ ಕೊಯರ್ ಪ್ರಾಕ್ಟೀಸ್ ಇತ್ತು. ಎಡಿಟಿಂಗ್ ಬೇರೆ ಬಾಕಿ. “ಇನ್ನೊಂದು ದಿನ ಬರುತ್ತೇವೆ ಮಾಂಯ್” ಎಂದು ಚೀಲ ಹೆಗಲಿಗೇರಿಸಿದೆವು. ಡ್ರಮ್ ಹೊರಗೇ ಉಳಿಯಿತು.

ಹಬ್ಬದ ದಿನ ವಿಡಿಯೊ ಮುಗಿದ ಮೇಲೆ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾಂಯ್ ಹತ್ತಿರ ಹೋಗಿ, ಹೇಗಿತ್ತು ಎಂದು ಕೇಳಿದೆವು. “ಚಂದ ಆಗಿದೆ ಮಕ್ಕಳೇ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀವು ಊಟ ಮಾಡದೆ ಹೋದಿರಿ” ಎಂದರು. ಅಷ್ಟೇ. ಸಿಟ್ಟಿನಿಂದ ಹೇಳಿದ್ದರೆ ನಾವು ಕ್ಷಮೆ ಕೇಳಿ ಮುಗಿಸುತ್ತಿದ್ದೆವೇನೋ. ಅವರು ಸಿಟ್ಟು ಮಾಡಲಿಲ್ಲ.

ಮುಂದಿನ ಭಾನುವಾರ ಬೋರ್ಡೇನ್ ಅವರ ಇನ್ನೊಂದು ಕಂತು ಹಾಕಿದೆವು. ಇಟಲಿಯ ಸಿಸಿಲಿ ದ್ವೀಪದ್ದು, 2013ರದ್ದು. ಅದರಲ್ಲಿ ಒಬ್ಬರು ಬೋರ್ಡೇನ್ ಅವರನ್ನು ಸಮುದ್ರಕ್ಕಿಳಿಸಿ ಆಕ್ಟೋಪಸ್ ಹಿಡಿಯೋಣ ಎಂದು ಕರೆದೊಯ್ಯುತ್ತಾರೆ. ನೀರಿನಲ್ಲಿ ಮುಳುಗಿ ಈಜುತ್ತಿರುವಾಗ ಮೇಲಿನಿಂದ ಸತ್ತ ಆಕ್ಟೋಪಸ್ ಒಂದು ಬಂದು ಬೀಳುತ್ತದೆ. ಮತ್ತೊಂದು ಬೀಳುತ್ತದೆ. ದೋಣಿಯಲ್ಲಿದ್ದವರು ಒಂದೊಂದಾಗಿ ನೀರಿಗೆ ಎಸೆಯುತ್ತಿದ್ದಾರೆ, ಇವರು ಅದನ್ನು ಹಿಡಿದಂತೆ ನಟಿಸಬೇಕು. ಬೋರ್ಡೇನ್ ರೋಸಿಹೋಗುತ್ತಾರೆ. ಆ ಭಾಗವನ್ನು ಕತ್ತರಿಸಿ ಎಸೆಯಲೂ ಬಹುದಿತ್ತು. ನಡೆದದ್ದನ್ನು ಹಾಗೆಯೇ ತೋರಿಸಿ, ತನಗಾದ ನಾಚಿಕೆಯನ್ನೂ ಹೇಳಿದರು.

ಹಾಲಿನಲ್ಲಿ ಮೊದಲು ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ನಮ್ಮ ಕಟ್ಟಿಗೆ ಒಲೆ, ನಮ್ಮ “ಸೂಪರ್” ಎಲ್ಲರಿಗೂ ನೆನಪಾಗಿತ್ತು. ಸತ್ತ ಆಕ್ಟೋಪಸ್ ಎಸೆದವರು ನಾವೇ.

ಇಂಥ ಕಾರ್ಯಕ್ರಮಗಳು ಹೇಗೆ ತಯಾರಾಗುತ್ತವೆ ಎಂಬುದು ಸ್ವಲ್ಪ ಕ್ಯಾಮೆರಾ ಹಿಡಿದ ಮೇಲೆ ನಮಗೂ ಅರ್ಥವಾಗಿದೆ. ಪರದೆಯ ಮೇಲಿನ ಒಂದು ತುತ್ತಿಗೆ ತಟ್ಟೆಯನ್ನು ಒಮ್ಮೆ, ಕೈಯನ್ನು ಒಮ್ಮೆ, ಮುಖವನ್ನು ಒಮ್ಮೆ ತೆಗೆಯಬೇಕು. ಅಷ್ಟರಲ್ಲಿ ಊಟ ಆರಿ ಹೋಗುತ್ತದೆ. ನಿರೂಪಕನ ಮಾತು ಎಷ್ಟೋ ಸಲ ಆಮೇಲೆ ಸೇರಿಸಿದ್ದು. ಇದರಲ್ಲಿ ಮೋಸವೇನಿಲ್ಲ, ಕೆಲಸದ ರೀತಿಯೇ ಹಾಗೆ. ಆದರೆ ಅಡುಗೆ ಮಾಡಿದವರು ಎದುರಿಗೆ ಕಾಯುತ್ತಾ ಕುಳಿತಿರುತ್ತಾರೆ ಎಂಬುದು ಮರೆತುಹೋದರೆ ಅಲ್ಲಿಂದ ತಪ್ಪು ಶುರುವಾಗುತ್ತದೆ. ಟಿವಿಯವರು ನಿರೂಪಕನನ್ನು ಇಂಗ್ಲಿಷಿನಲ್ಲಿ ‘ಹೋಸ್ಟ್’ ಎನ್ನುತ್ತಾರೆ, ಅಂದರೆ ಆತಿಥ್ಯ ಮಾಡುವವನು. ಯೋಚಿಸಿದರೆ ತಮಾಷೆ. ಅವನು ಹೋದ ಕಡೆಯೆಲ್ಲ ಅವನೇ ಅತಿಥಿ.

ಒಳ್ಳೆಯ ಅತಿಥಿಯಾಗುವುದು ಹೇಗೆ ಎಂಬುದನ್ನು ಬೋರ್ಡೇನ್ ಹಲವು ಸಲ ತೋರಿಸಿದ್ದಾರೆ. ಆಫ್ರಿಕಾದ ನಮೀಬಿಯಾದಲ್ಲಿ ಕಾಡಿನ ಒಂದು ಬುಡಕಟ್ಟಿನವರು ಅವರಿಗಾಗಿ ಕಾಡುಹಂದಿ ಜಾತಿಯ ಪ್ರಾಣಿಯನ್ನು ಬೇಟೆಯಾಡಿ ತಂದರು. ಮುಖ್ಯಸ್ಥ ಅದರ ಕರುಳಿನ ಕೊನೆಯ ಭಾಗವನ್ನು ಸರಿಯಾಗಿ ತೊಳೆಯದೆಯೇ ಕೆಂಡದಲ್ಲಿ ಸುಟ್ಟು ಕೊಟ್ಟ. ಅಲ್ಲಿ ಅದು ಗೌರವದ ಪಾಲು. ಬೋರ್ಡೇನ್ ತಿಂದರು. ಊರೆಲ್ಲ ನೋಡುತ್ತಿರುವಾಗ ಬೇಡ ಎಂದರೆ ಕೊಟ್ಟವನಿಗೆ ಅವಮಾನ. ಆಮೇಲೆ ಹೊಟ್ಟೆಗೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಾಯಿತು. ಅಜ್ಜಿಯ ಮನೆಗೆ ಹೋದಾಗ ಹಿಡಿಸಲಿ ಬಿಡಲಿ, ಅಜ್ಜಿ ಬಡಿಸಿದ್ದನ್ನು ತಿನ್ನಬೇಕು ಎಂಬುದನ್ನೇ ಅವರು ತಮ್ಮ ಪ್ರಯಾಣದ ನಿಯಮ ಮಾಡಿಕೊಂಡಿದ್ದರು. ಅಜ್ಜಿಯ ಮನೆಗೇ ಹೋಗಿದ್ದ ನಮಗೆ ಅದು ಹೊಳೆಯಲಿಲ್ಲ.

2006ರ ಜುಲೈನಲ್ಲಿ ಅವರು ಲೆಬನಾನಿನ ಬೈರೂತ್‌ಗೆ ಹೋಗಿದ್ದರು. ಎರಡು ದಿನ ಚಿತ್ರೀಕರಣ ಆಗುವಷ್ಟರಲ್ಲಿ ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವೆ ಯುದ್ಧ ಶುರುವಾಯಿತು. ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿತ್ತು. ತಂಡ ಹೋಟೆಲಿನಲ್ಲಿ ಸಿಕ್ಕಿಬಿದ್ದು, ಕೊನೆಗೆ ಅಮೆರಿಕದ ನೌಕಾಪಡೆಯ ಹಡಗಿನಲ್ಲಿ ಪಾರಾಯಿತು. ಆ ಕಂತಿನಲ್ಲಿ ಊಟ ಕಡಿಮೆ. ತಮ್ಮ ಊರನ್ನು ಹೆಮ್ಮೆಯಿಂದ ತೋರಿಸುತ್ತಿದ್ದವರ ಮುಖ ಒಂದೇ ಗಳಿಗೆಯಲ್ಲಿ ಬದಲಾಗುವುದು ಅದರಲ್ಲಿ ಕಾಣುತ್ತದೆ. ಆ ಅನುಭವದ ನಂತರ ತನ್ನ ಕೆಲಸವನ್ನು ನೋಡುವ ರೀತಿಯೇ ಬದಲಾಯಿತು ಎಂದು ಅವರು ಹೇಳಿಕೊಂಡಿದ್ದರು. ಅರ್ಧಕ್ಕೆ ಬಿಟ್ಟು ಬಂದ ಊರಿಗೆ ಕೆಲವು ವರ್ಷಗಳ ಮೇಲೆ ಮತ್ತೆ ಹೋದರು. ‘ಪಾರ್ಟ್ಸ್ ಅನ್‌ನೋನ್’ ಮಾಡುವಾಗ ಮತ್ತೊಮ್ಮೆ ಹೋದರು.

ಹೀಗೆ ಮರಳಿ ಹೋದ ಇನ್ನೊಬ್ಬರು ಬಿಬಿಸಿಯ ಮೈಕೆಲ್ ಪೇಲಿನ್. ಇಂಗ್ಲೆಂಡಿನ ಹಾಸ್ಯನಟ. ವಿಮಾನ ಹತ್ತದೆ 80 ದಿನಗಳಲ್ಲಿ ಭೂಮಿ ಸುತ್ತುವ ಅವರ ಕಾರ್ಯಕ್ರಮ 1989ರಲ್ಲಿ ಪ್ರಸಾರವಾಯಿತು, ನಮ್ಮಲ್ಲಿ ಯಾರೂ ಹುಟ್ಟುವ ಮೊದಲು. ಅದರಲ್ಲಿ ದುಬೈಯಿಂದ ಮುಂಬೈಗೆ ಮರದ ಉರುವಿನಲ್ಲಿ ಬರುತ್ತಾರೆ. ಗುಜರಾತಿನ ನಾವಿಕರು. ಭಾಷೆ ಬಾರದು. ಅವರು ಬೇಯಿಸಿದ್ದನ್ನು ಇವರು ತಿನ್ನುತ್ತಾರೆ, ಡೆಕ್ಕಿನ ಮೇಲೆಯೇ ಮಲಗುತ್ತಾರೆ, ತಮ್ಮ ವಾಕ್‌ಮನ್‌ನ ಹಾಡನ್ನು ಒಬ್ಬ ನಾವಿಕನಿಗೆ ಕೇಳಿಸುತ್ತಾರೆ. ಮುಂಬೈಯಲ್ಲಿ ಇಳಿಯುವಾಗ ಅವರಿಗೆ ಮಾತೇ ಹೊರಡುವುದಿಲ್ಲ. 20 ವರ್ಷದ ನಂತರ, 2008ರಲ್ಲಿ, ಅದೇ ನಾವಿಕರನ್ನು ಹುಡುಕಿಕೊಂಡು ಗುಜರಾತಿಗೆ ಬಂದರು. ವಯಸ್ಸಾದ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ನಾವು ಹೇಳಿದ “ಇನ್ನೊಂದು ದಿನ ಬರುತ್ತೇವೆ ಮಾಂಯ್” ಎಂಬ ಮಾತು.

ಇನ್ನೊಂದು ವಿಷಯ ಹೇಳದೆ ಇರುವಂತಿಲ್ಲ. ಬೋರ್ಡೇನ್ ಈಗ ಎಲ್ಲಿದ್ದಾರೆ ಎಂದು ನಮ್ಮಲ್ಲಿ ಚಿಕ್ಕವನೊಬ್ಬ ಕೇಳಿದ. 2018ರ ಜೂನ್ 8ರಂದು, ಚಿತ್ರೀಕರಣಕ್ಕೆ ಫ್ರಾನ್ಸಿಗೆ ಹೋಗಿದ್ದಾಗ, ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ವಯಸ್ಸು 61. ಹಾಲ್ ಸುಮ್ಮನಾಯಿತು. ವರ್ಷದಲ್ಲಿ ಸುಮಾರು 250 ದಿನ ಊರೂರು ಸುತ್ತುತ್ತಿದ್ದವರು, ಲೋಕದ ಅಷ್ಟೊಂದು ಮನೆಗಳಲ್ಲಿ ಕುಳಿತು ಉಂಡವರು. ಯಾಕೆ ಎಂದು ಊಹಿಸುವುದು ನಮ್ಮ ಕೆಲಸವಲ್ಲ. ನಗುವ ಮುಖದ ಒಳಗೆ ಏನಿದೆ ಎಂಬುದು ಪಕ್ಕದಲ್ಲಿ ಕುಳಿತವರಿಗೂ ಕಾಣದೆ ಹೋಗಬಹುದು ಎಂಬುದಷ್ಟೇ ನಮಗೆ ತಿಳಿದದ್ದು. ಅಂದು ಸಭೆ ಬೇಗ ಮುಗಿಸಿ, ಹಾಲಿನ ಮೆಟ್ಟಿಲ ಮೇಲೆ ತುಂಬ ಹೊತ್ತು ಕುಳಿತು ಮಾತನಾಡಿದೆವು. ಪರೀಕ್ಷೆಯಲ್ಲಿ ಫೇಲಾದದ್ದನ್ನು ಮೂರು ತಿಂಗಳು ಮುಚ್ಚಿಟ್ಟಿದ್ದ ಒಬ್ಬ ಅಂದು ಬಾಯಿ ಬಿಟ್ಟ. ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ದಯವಿಟ್ಟು ಒಬ್ಬರೇ ಇರಬೇಡಿ. ನಮ್ಮಲ್ಲಿ ಯಾರಿಗಾದರೂ ಹೇಳಿ, ಮನೆಯವರಿಗೆ ಹೇಳಿ, ಫಾದರ್ ಹತ್ತಿರ ಹೇಳಿ, ಡಾಕ್ಟರ್ ಹತ್ತಿರ ಹೋಗಲು ಜೊತೆ ಬೇಕಾದರೆ ನಾವು ಬರುತ್ತೇವೆ.

ಅಕ್ಟೋಬರಿನ ಒಂದು ಭಾನುವಾರ ಮಾಂಯ್ ಮನೆಗೆ ಹೋದೆವು. ಏಳೂ ಜನ. ಮೊಬೈಲುಗಳನ್ನು ಬೈಕಿನ ಡಿಕ್ಕಿಯಲ್ಲೇ ಬಿಟ್ಟೆವು. ಮೊದಲ ಕೆಲಸ, ಇನ್ನೂ ಅಂಗಳದಲ್ಲೇ ಇದ್ದ ಡ್ರಮ್ಮನ್ನು ಒಳಗಿಟ್ಟದ್ದು. ಮಾಂಯ್ ನಕ್ಕರು. ಅಂದು ಪತ್ರೊಡೆ ಇರಲಿಲ್ಲ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಮಾವಿನ ಉಪ್ಪಿನಕಾಯಿ. ನೈಟಿಯಲ್ಲೇ ಇದ್ದರು, ಗ್ಯಾಸ್ ಒಲೆಯ ಮೇಲೆಯೇ ಮಾಡಿದ್ದರು. ಮೂರು ಸಲ ಬಡಿಸಿಕೊಂಡೆವು. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಹೋಗಿದ್ದೆವು. ಗಂಜಿ ಕುಡಿಯುತ್ತಾ ಅದು ಅರ್ಧಂಬರ್ಧವಾಗಿ ಹೊರಬಂತು.

ಆಗ ಅವರು ಪತ್ರೊಡೆ ಕಲಿತ ಕಥೆ ಹೇಳಿದರು. ಅವರ ತಾಯಿ ಒಂದು ದೊಡ್ಡ ಅಡಿಕೆ ತೋಟದ ಮನೆಗೆ ಭತ್ತ ಕುಟ್ಟಲು ಹೋಗುತ್ತಿದ್ದರಂತೆ. ಜೊತೆಗೆ ಇವರೂ, ಎಂಟೋ ಒಂಬತ್ತೋ ವರ್ಷದ ಹುಡುಗಿ. ಒಳಗೆ ಹೋಗುವಂತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು, ಒಳಗೆ ಆ ಮನೆಯ ಅಮ್ಮ ಎಲೆಗೆ ಹಿಟ್ಟು ಸವರುವುದನ್ನು, ಸುತ್ತುವುದನ್ನು ನೋಡಿ ನೋಡಿ ಕಲಿತದ್ದು. “ಅವರು ಒಳ್ಳೆಯವರೇ. ನಮಗೂ ಕೊಡುತ್ತಿದ್ದರು. ಆದರೆ ಅಂಗಳದಲ್ಲಿ ನಿಂತು ತಿನ್ನಬೇಕಿತ್ತು. ಕೂರಿಸಿ ಬಡಿಸಿದ್ದು ಇಲ್ಲ” ಎಂದರು. ಮದುವೆಯಾಗಿ ಸ್ವಂತ ಮನೆ ಆದ ಮೇಲೆ ಅವರು ಒಂದು ನಿಶ್ಚಯ ಮಾಡಿದ್ದರಂತೆ. ನಮ್ಮ ಮನೆಗೆ ಯಾರೇ ಬರಲಿ, ಕೂರಿಸಿ ಎಲೆ ಹಾಕಿಯೇ ಬಡಿಸಬೇಕು. “ಅದಕ್ಕೇ ಅಂದು ನೀವು ನಿಂತಲ್ಲೇ ಒಂದು ತುಂಡು ತಿಂದು ಹೋದಾಗ ನನಗೆ ಏನೋ ಆಯಿತು” ಎಂದರು.

ನಾವು ತಲೆ ತಗ್ಗಿಸಿ ಗಂಜಿಯನ್ನೇ ನೋಡುತ್ತಿದ್ದೆವು. ಏಳು ನಿಮಿಷದ ವಿಡಿಯೊದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ಗೆ ಒಂದೂವರೆ ನಿಮಿಷ ಕೊಟ್ಟಿದ್ದೆವು. ಈ ಕಥೆ ಅಲ್ಲಿ ಇರಲಿಲ್ಲ, ಯಾಕೆಂದರೆ ನಾವು ಕುಳಿತಿರಲಿಲ್ಲ. ಇದನ್ನು ಬರೆಯಬಹುದೇ ಎಂದು ಕೇಳಿದಾಗ, “ಬರೆಯಿರಿ, ಆ ಮನೆಯವರ ಹೆಸರು ಮಾತ್ರ ಬೇಡ. ಅವರ ಮೊಮ್ಮಕ್ಕಳು ಈಗ ನಮ್ಮಲ್ಲಿಗೆ ಬಂದು ಊಟ ಮಾಡುತ್ತಾರೆ” ಎಂದರು.

2016ರ ಮೇ ತಿಂಗಳಲ್ಲಿ ಬೋರ್ಡೇನ್ ವಿಯೆಟ್ನಾಮಿನ ಹನೋಯ್‌ಯಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರೊಂದಿಗೆ ಒಂದು ಸಣ್ಣ ಹೋಟೆಲಿನಲ್ಲಿ ಊಟ ಮಾಡಿದರು. ಪ್ಲಾಸ್ಟಿಕ್ ಸ್ಟೂಲು, ಸ್ಟೀಲಿನ ಮೇಜು, ಸುಟ್ಟ ಹಂದಿಮಾಂಸ ಮತ್ತು ಅಕ್ಕಿ ಶ್ಯಾವಿಗೆಯ ಬುನ್ ಚಾ. ಇಬ್ಬರ ಊಟಕ್ಕೆ ಒಟ್ಟು ಆರು ಡಾಲರ್, ಕೊಟ್ಟದ್ದು ಬೋರ್ಡೇನ್. ಹೋಟೆಲಿನವರು ಮುಂದೆ ಆ ಮೇಜು, ಸ್ಟೂಲು, ತಟ್ಟೆಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಅವರ ಹೆಮ್ಮೆ ನಮಗೆ ಅರ್ಥವಾಗುತ್ತದೆ. ಆದರೆ ಆ ಮೇಜಿನಲ್ಲಿ ಈಗ ಯಾರೂ ಊಟ ಮಾಡುವ ಹಾಗಿಲ್ಲ. ನಮ್ಮ ಮೊದಲ ವಿಡಿಯೊ ಕೂಡ ಹಾಗೆಯೇ ಆಗಿತ್ತು, ನೋಡಲು ಚಂದ.

ಈ ವರ್ಷವೂ ತೆನೆ ಹಬ್ಬಕ್ಕೆ ವಿಡಿಯೊ ಮಾಡುತ್ತೇವೆ. ಬಿಡುವುದಿಲ್ಲ, ಏಕೆಂದರೆ ನಮ್ಮ ಊರಿನ ಅಡುಗೆಯನ್ನು ತೋರಿಸಬೇಕೆಂಬ ಆಸೆ ತಪ್ಪಲ್ಲ. ಈ ಸಲ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಮೊದಲ ಭೇಟಿ ಊಟಕ್ಕೆ ಮಾತ್ರ, ಕ್ಯಾಮೆರಾ ಎರಡನೆಯ ಭೇಟಿಗೆ. ಮನೆ ಹೇಗಿದೆಯೋ ಹಾಗೆ, ಡ್ರಮ್ ಇದ್ದಲ್ಲೇ ಇರಲಿ. ಬೇಯುವಷ್ಟು ಹೊತ್ತು ಬೇಯಲಿ. ಹಾಲಿನಲ್ಲಿ ತೋರಿಸುವ ಮೊದಲು ಆ ಮನೆಯವರಿಗೆ ತೋರಿಸಬೇಕು, ಅವರು ಬೇಡ ಎಂದದ್ದನ್ನು ತೆಗೆಯಬೇಕು. ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಹೋಗಬೇಕು.

ನಿಮ್ಮ ವಾಳೆಯಲ್ಲಿ ಒಬ್ಬರೇ ಊಟ ಮಾಡುವ ಹಿರಿಯರಿದ್ದರೆ ಭಾನುವಾರದ ಪೂಜೆಯ ನಂತರ ನಮಗೆ ತಿಳಿಸಿ. ಏಳು ಜನ ಬರುತ್ತೇವೆ. ಅಕ್ಕಿ, ತೆಂಗಿನಕಾಯಿ ನಾವೇ ತರುತ್ತೇವೆ.